ಮಗಳಿಗೊಂದು ಮೊದಲ ಭಾಷೆ

ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಸಂಬಳದ ವಿಭಾಗದವರನ್ನು ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರ ಬಾಯಲ್ಲೂ ಅವಳು ಏಣಿ ಅಕ್ಕ. ಹಾಗಂತ ಅವಳು ಏಣಿ ಹತ್ತುವವರ ಪೈಕಿಯವಳೇನಲ್ಲ. ಸ್ಟೂಲಿನ ಮೇಲೆ ನಿಂತರೂ ಕಾಲು ನಡುಗುವ ಹೆಂಗಸು, ಮನೆಯಲ್ಲಿ ಪರದೆ ಬಿಚ್ಚಿ ಒಗೆಯಬೇಕೆಂದರೆ ಗಂಡನನ್ನು ಕಾಡಿ ಬೇಡಿ ಹತ್ತಿಸುತ್ತಿದ್ದಳು. ಅವಳ ಏಣಿ ಇದ್ದದ್ದು ಯಂತ್ರದ ಕೋಣೆಯ ಹಳೇ ಕಂಪ್ಯೂಟರಿನೊಳಗೆ.

ಅದು ದ್ರವ ಸೋಪನ್ನು ಬಾಟಲಿಗೆ ತುಂಬುವ ಕಾರ್ಖಾನೆ. ಖಾಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಲಾಗಿ ಬರಬೇಕು, ನಳಿಗೆಯ ಕೆಳಗೆ ನಿಲ್ಲಬೇಕು, ತುಂಬಿಸಿಕೊಳ್ಳಬೇಕು, ಮುಚ್ಚಳ ಹಾಕಿಸಿಕೊಂಡು ಮುಂದೆ ಹೋಗಬೇಕು. ಇದನ್ನೆಲ್ಲ ಯಂತ್ರಕ್ಕೆ ಹೇಳುವುದಕ್ಕೆ ಒಂದು ಭಾಷೆ ಇದೆ. ಬೇರೆ ಭಾಷೆಗಳ ಹಾಗೆ ಅದನ್ನು ಬರೆಯುವುದಿಲ್ಲ, ಚಿತ್ರದ ಹಾಗೆ ಗೀಚುತ್ತಾರೆ. ಎಡಕ್ಕೊಂದು ಬಲಕ್ಕೊಂದು ಉದ್ದ ಗೆರೆ, ನಡುವೆ ಅಡ್ಡಪಟ್ಟಿಗಳು, ಥೇಟ್ ಏಣಿಯೇ. ಒಂದೊಂದು ಅಡ್ಡಪಟ್ಟಿಯೂ ಒಂದೊಂದು ನಿಯಮ. ಬಾಟಲಿ ಬಂದಿದೆಯೇ ಎಂಬುದು ಒಂದು ಬಾಗಿಲು, ಟ್ಯಾಂಕಿನಲ್ಲಿ ಸೋಪಿದೆಯೇ ಎಂಬುದು ಇನ್ನೊಂದು. ಎಲ್ಲ ಬಾಗಿಲುಗಳೂ ತೆರೆದರೆ ಅಪ್ಪಣೆ ಎಡದಿಂದ ಬಲಕ್ಕೆ ದಾಟಿ ನಳಿಗೆ ಬಿಚ್ಚಿಕೊಳ್ಳುತ್ತದೆ. ಒಂದು ಬಾಗಿಲು ಮುಚ್ಚಿದ್ದರೂ ಇಡೀ ಸಾಲು ಮಿಸುಕುವುದಿಲ್ಲ.

ಹೇಳುವುದಕ್ಕೆ ಸುಲಭ. ಆದರೆ ಆ ಹಳೇ ಕಂಪ್ಯೂಟರಿನ ನೆನಪು ಬಲು ಚಿಕ್ಕದು, ಬಾಗಿಲುಗಳಿಗೆ ಹೆಸರಿಡುವಷ್ಟೂ ಜಾಗವಿರಲಿಲ್ಲ. ಬರೀ ಸಂಖ್ಯೆಗಳು. ಯಾವ ಸಂಖ್ಯೆ ಯಾವ ಬಾಗಿಲು, ಅದು ಯಾಕೆ ಅಲ್ಲಿದೆ, ಅದನ್ನು ಕಿತ್ತರೆ ಏನಾಗುತ್ತದೆ ಎಂಬುದೆಲ್ಲ ಅವಳ ತಲೆಯೊಳಗಿತ್ತು. ವರ್ಷಗಟ್ಟಲೆ ಯಂತ್ರ ಹಟ ಹಿಡಿದಾಗೆಲ್ಲ ಅದರ ಮುಂದೆ ಕೂತು, ಬೈದು, ಪುಸಲಾಯಿಸಿ, ಒಂದೊಂದೇ ಅಡ್ಡಪಟ್ಟಿ ಸೇರಿಸಿದವಳು ಅವಳು. ಸೋಪು ನೊರೆಯಾಗುತ್ತದೆ, ನೀರಿನಂತಲ್ಲ. ಬಾಟಲಿಯ ಮುಕ್ಕಾಲು ಭಾಗ ತುಂಬಿಸಿ, ನೊರೆ ಇಳಿಯುವವರೆಗೆ ಕಾದು, ಆಮೇಲೆ ಉಳಿದದ್ದನ್ನು ಬಿಡಬೇಕು. ಚಳಿಯಲ್ಲಿ ಸೋಪು ಗಟ್ಟಿಯಾಗುತ್ತದೆ, ಆಗ ಕಾಯುವ ಹೊತ್ತೇ ಬೇರೆ. ಕತ್ತು ಸಣ್ಣಗಿರುವ ಬಾಟಲಿಗೆ ಇನ್ನೂ ಬೇರೆ.

ಒಮ್ಮೆ ಮ್ಯಾನೇಜರು ಹೊರಗಿನಿಂದ ಇಬ್ಬರು ಹುಡುಗರನ್ನು ಕರೆಸಿದ್ದರು. ಹೊಸ ಕಂಪ್ಯೂಟರ್ ಪೆಟ್ಟಿಗೆ, ಹೊಸ ಭಾಷೆ, ಹಳೆಯದನ್ನೆಲ್ಲ ಕಿತ್ತೆಸೆಯುತ್ತೇವೆ ಎಂದು ಬಂದವರು ಅವರು. ಏಣಿ ನೋಡಿ, ಸಂಖ್ಯೆಗಳನ್ನು ನಕಲು ಮಾಡಿ, ಅರ್ಥವಾಗದ ಬಾಗಿಲುಗಳನ್ನು "ಇದೇನೋ ಸುಮ್ನೆ ಇದೆ" ಎಂದು ಕೈಬಿಟ್ಟು ಯಂತ್ರ ಚಾಲೂ ಮಾಡಿದರು. ನೊರೆ ಉಕ್ಕಿ ನೆಲಕ್ಕೆ ಹರಿಯಿತು. ನೋಡಲು ಬಂದ ಮ್ಯಾನೇಜರು ಬಾಗಿಲಲ್ಲಿ ಜಾರಿ ಬಾಟಲಿ ರಾಶಿಯ ಮೇಲೆ ಕೂತುಬಿಟ್ಟರು. ಕೆಲಸದವರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅಂದಿನಿಂದ ಆ ಹೊಸ ಪೆಟ್ಟಿಗೆ ಯಂತ್ರದ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿತ್ತು.

ಎಲ್ಲವನ್ನೂ ವಿವರಿಸಿ ಕೊಡಿ ಎಂದು ಮ್ಯಾನೇಜರು ಅವಳನ್ನು ಕೇಳದೆ ಇರಲಿಲ್ಲ. "ನೋಡೋಣ ಸಾರ್, ಸ್ವಲ್ಪ ಬಿಡುವಾಗ್ಲಿ" ಎನ್ನುತ್ತಿದ್ದಳು. ಬಿಡುವು ಯಾವತ್ತೂ ಆಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಬಿಟ್ಟುಕೊಡುವ ಮನಸ್ಸೇ ಇರಲಿಲ್ಲ. ಆ ಯಾಕೆಗಳು ತನ್ನ ತಲೆಯಲ್ಲಿ ಇರುವವರೆಗೆ ಈ ಕೋಣೆ ತನ್ನದು, ಹೊರಗೆ ಹೋದ ದಿನ ತನ್ನನ್ನು ಎತ್ತಿ ಎಲ್ಲೋ ಮೂಲೆಗೆ ಹಾಕುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಅವಳು ಒಬ್ಬನ ಹತ್ತಿರ ಮಾತ್ರ ಬಾಯಿಬಿಟ್ಟು ಹೇಳಿದ್ದಳು. ಅವನು ಅವಳ ತಮ್ಮ.

ತಮ್ಮನೆಂದರೆ ಅವಳಿಗೆ ಪ್ರಾಣ. ಅವರ ತಾಯಿ ಹಾಸಿಗೆ ಹಿಡಿದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅವನ ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಟಿದ್ದು ಎಲ್ಲ ಅಕ್ಕನೇ. ಅವನು ಓದಿ ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಮ್ಯಾನೇಜರ ಮುಂದೆ ನಿಂತು, "ನನ್ನ ತಮ್ಮ ಸಾರ್, ನಾನು ಜವಾಬ್ದಾರಿ" ಎಂದು ಹೇಳಿ ಅದೇ ಕಾರ್ಖಾನೆಗೆ ಸೇರಿಸಿದವಳೂ ಅವಳೇ. ಅವನು ಲೇಬಲ್ ಅಂಟಿಸುವ ಯಂತ್ರ ನೋಡಿಕೊಳ್ಳುತ್ತಿದ್ದ. ಹೊಸ ಭಾಷೆಗಳೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಅಕ್ಕನ ಏಣಿಯನ್ನು ಮಾತ್ರ ಅವನು ಕಲಿತಿರಲಿಲ್ಲ, ಕಲಿಸು ಎಂದು ಕೇಳಿಯೂ ಇರಲಿಲ್ಲ.

ಹೀಗಿರುವಾಗ ಅವಳ ಮಗಳು ಹದಿಮೂರಕ್ಕೆ ಕಾಲಿಟ್ಟಳು. ಕಾಲಿಟ್ಟದ್ದೇ ತಡ, ತನಗೆ ಪ್ರೋಗ್ರಾಮಿಂಗ್ ಕಲಿಯಬೇಕು ಎಂದು ಹಟ ಶುರುಮಾಡಿದಳು. ಸರಿ, ಮೊದಲು ಯಾವ ಭಾಷೆ? ಈ ಒಂದು ಪ್ರಶ್ನೆಗೆ ಇಡೀ ಬೀದಿಯೇ ಮೂಗು ತೂರಿಸಿತು. ಶಾಲೆಯ ಟೀಚರು ಪೈಥಾನ್ ಎಂದರು. ಎದುರುಮನೆಯ ಹಲ್ಲಿನ ಡಾಕ್ಟರು, ಪೈಥಾನ್ ಕಲಿತರೆ ಮಕ್ಕಳು ಸೋಮಾರಿಗಳಾಗುತ್ತಾರೆ, ಸಿ ಕಲಿಸಿ, ಬುದ್ಧಿ ಹರಿತವಾಗುತ್ತದೆ ಎಂದರು. ಅವರಿಗೆ ಎರಡೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಬಣ್ಣದ ತುಂಡುಗಳನ್ನು ಜೋಡಿಸುವ ಮಕ್ಕಳ ಭಾಷೆ ಇದೆಯಲ್ಲ ಎಂದು ಯಾರೋ ಹೇಳಿದ್ದಕ್ಕೆ ಮಗಳು, "ನಾನೇನು ಪಾಪುನಾ?" ಎಂದು ಮುಖ ಊದಿಸಿಕೊಂಡಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಗಂಡನನ್ನು ಕೇಳಿದರೆ, "ಯಾವುದಾದ್ರೂ ಕಲೀಲಿ ಮಾರಾಯ್ತಿ, ಊಟಕ್ಕೆ ಕರೆದಾಗ ಎದ್ದು ಬರೋ ಅಂಥದ್ದಾದ್ರೆ ಸಾಕು" ಎಂದು ಕೈತೊಳೆದುಕೊಂಡ.

ಅವಳಿಗೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಲು ಸಂಕೋಚ. ಏಣಿ ಎಂದರೆ ಈಗಿನವರು ನಗುತ್ತಾರೆ. ಅದು ಕಂಪ್ಯೂಟರ್ ಭಾಷೆಯೇ ಅಲ್ಲ, ಎಲೆಕ್ಟ್ರಿಷಿಯನ್ನರ ಗೀಚು ಎನ್ನುವವರೂ ಇದ್ದರು. ಹೀಗಾಗಿ ಅವಳೂ ಪೈಥಾನೇ ಇರಲಿ ಎಂದು ಒಪ್ಪಿಕೊಳ್ಳುವುದರಲ್ಲಿದ್ದಳು. ಆಗ ರಜೆಯ ದಿನ ಮನೆಗೆ ಬಂದ ತಮ್ಮ, ಟೀ ಲೋಟ ಕೆಳಗಿಟ್ಟು ಹೇಳಿದ:

"ಅಕ್ಕಾ, ಪೈಥಾನ್ ಯಾರ್ ಬೇಕಾದ್ರೂ ಕಲಿಸ್ತಾರೆ. ನಿನ್ನ ಹತ್ರ ಇರೋದನ್ನ ಯಾರು ಕಲಿಸ್ತಾರೆ ಹೇಳು? ಏಣಿ ಕಣ್ಣಿಗೆ ಕಾಣುತ್ತೆ. ಈ ಬಾಗಿಲು ತೆರೀತು, ಆ ದೀಪ ಹತ್ತಿತು ಅಂತ ಮಗು ನೋಡಿ ಕಲಿಯುತ್ತೆ. ಮೊದಲನೇ ಭಾಷೆ ಅಮ್ಮನ ಭಾಷೇನೇ ಆಗ್ಲಿ."

"ನಗ್ತಾರೆ ಕಣೋ."

"ನಗೋರು ನಗ್ಲಿ. ನಿನ್ನಷ್ಟು ಚೆನ್ನಾಗಿ ಯಂತ್ರದ ಜೊತೆ ಮಾತಾಡೋರನ್ನ ನಾನಂತೂ ನೋಡಿಲ್ಲ."

ಅವಳು ಉಬ್ಬಿಹೋದಳು. ಮ್ಯಾನೇಜರಿರಲಿ, ಕಟ್ಟಿಕೊಂಡ ಗಂಡನ ಬಾಯಿಂದಲೂ ಇಂಥ ಮಾತು ಬಂದಿರಲಿಲ್ಲ. ಆಡಿಸಿ ಬೆಳೆಸಿದ ತಮ್ಮ ತನ್ನನ್ನು ಇಷ್ಟರಮಟ್ಟಿಗೆ ಗಮನಿಸಿದ್ದಾನಲ್ಲ ಎಂದು ಕಣ್ಣು ಒದ್ದೆಯಾಯಿತು. ಅದನ್ನು ತೋರಿಸಿಕೊಳ್ಳಬಾರದೆಂದು ಅವನ ಲೋಟಕ್ಕೆ ಇನ್ನಷ್ಟು ಟೀ ಸುರಿದಳು. ಏಣಿಯೇ ಎಂದು ತೀರ್ಮಾನವಾಯಿತು.

ಪಾಠ ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ಕಾರ್ಖಾನೆಯಲ್ಲಿ ಕೆಟ್ಟು ಬಿದ್ದಿದ್ದ ಪುಟ್ಟ ಕಂಟ್ರೋಲ್ ಪೆಟ್ಟಿಗೆಯೊಂದನ್ನು ಕೇಳಿ ತಂದು, ರಿಪೇರಿ ಮಾಡಿ, ನಾಲ್ಕು ಸ್ವಿಚ್ಚು, ನಾಲ್ಕು ದೀಪ ಜೋಡಿಸಿದ್ದಳು. ಮೊದಲು ಒಂದು ಸ್ವಿಚ್ಚಿಗೆ ಒಂದು ದೀಪ. ಆಮೇಲೆ ಎರಡೂ ಸ್ವಿಚ್ಚು ಒತ್ತಿದರೆ ಮಾತ್ರ ಹತ್ತುವ ದೀಪ. ಆಮೇಲೆ ಒತ್ತಿ ಬಿಟ್ಟರೂ ಆರದೆ ಉಳಿಯುವ ದೀಪ. ಅದು ಉಳಿದಾಗ ಮಗಳು ಕುರ್ಚಿ ಬಿಟ್ಟು ಕುಣಿದಳು. ಅವಳು ಕಲಿಯುವ ಚುರುಕು ನೋಡಿ ತಾಯಿಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಅಷ್ಟಾದ ಮೇಲೆ ಇನ್ನೇನು ಕಲಿಸುವುದು? ಪುಸ್ತಕದ ಉದಾಹರಣೆ ಅವಳಿಗೆ ಒಗ್ಗದು. ಅವಳಿಗೆ ಗೊತ್ತಿದ್ದದ್ದು ಒಂದೇ ಸಾಲು, ಸೋಪಿನ ಬಾಟಲಿಗಳ ಸಾಲು. ಅದನ್ನೇ ತೆಗೆದುಕೊಂಡಳು. ಒಂದೊಂದು ಅಡ್ಡಪಟ್ಟಿಯನ್ನೂ ಮಗಳ ಮುಂದೆ ಬಿಡಿಸಿಟ್ಟಳು. ಕಾರ್ಖಾನೆಯಲ್ಲಿ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ, ಎಷ್ಟು ಬೇಗ ಎಂದಷ್ಟೇ ಕೇಳುತ್ತಿದ್ದರು. ಮಗಳಿಗೋ, ಬಾಯಿ ತೆರೆದರೆ ಯಾಕೆ. ಈ ಬಾಗಿಲು ಯಾಕೆ ಎರಡು ಸಲ ಬಂದಿದೆ? ಇಲ್ಲಿ ಯಾಕೆ ಸುಮ್ಮನೆ ಕಾಯಬೇಕು? ಮ್ಯಾನೇಜರಿಗೆ ವರ್ಷಗಟ್ಟಲೆ ಹೇಳದೆ ಸತಾಯಿಸಿದ್ದೆಲ್ಲ ಮಗಳ ಮುಂದೆ ತಾನಾಗಿ ಹರಿದು ಬಂತು. ಕೇಳುವ ಕಿವಿ ಇದೆಯೆಂದರೆ ಯಾರಿಗೆ ತಾನೇ ಹೇಳಬೇಕೆನಿಸುವುದಿಲ್ಲ?

"ನೊರೆ ಇಳೀಲಿ ಅಂತ ಕಾಯೋದು ಮರಿ. ತುಂಬಿದ ತಕ್ಷಣ ಇನ್ನಷ್ಟು ಸುರಿದ್ರೆ ಉಕ್ಕುತ್ತೆ."

"ಅಂದ್ರೆ ನೊರೆ ನಿದ್ದೆ ಮಾಡ್ಬೇಕು. ಎಬ್ಬಿಸಬಾರದು."

"ಹ್ಞೂಂ, ಹಾಗೇ ಅಂದ್ಕೋ."

"ಹಾಗಾದ್ರೆ ಈ ನಂಬರಿಗೆ ನೊರೆ ನಿದ್ದೆ ಅಂತ ಹೆಸರಿಡೋಣ ಅಮ್ಮ. ಬರೀ ನಂಬರ್ ನೆನಪಿರಲ್ಲ."

ಹೀಗೆ ಎಲ್ಲ ಸಂಖ್ಯೆಗಳಿಗೂ ನಾಮಕರಣವಾಯಿತು. ಬಾಟಲಿ ಓರೆಯಾಗಿ ಬಂದರೆ ತಡೆಯುವ ಬಾಗಿಲು ಕುಡುಕ ಬಾಟಲಿ. ಮುಚ್ಚಳ ಮುಗಿದಾಗ ಕೂಗುವ ಗಂಟೆಗೆ ಎದುರುಮನೆ ಡಾಕ್ಟರ ಹೆಸರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವಳ ಪಾಠಕ್ಕೆ ಒಂದು ಕಟ್ಟಳೆ ಇತ್ತು. ಅವಳಿಗೆ ಕೆಲಸ ಕಲಿಸಿದ ಮುದುಕ ಎಲೆಕ್ಟ್ರಿಷಿಯನ್ನನ ಕಾಲದಿಂದ ಬಂದದ್ದು. ಇವತ್ತು ಕಲಿತದ್ದನ್ನು ಮೂರನೆಯವರೊಬ್ಬರಿಗೆ ಬಾಯಿಬಿಟ್ಟು ಹೇಳಿ ಅರ್ಥ ಮಾಡಿಸಬೇಕು, ಅಲ್ಲಿಯವರೆಗೆ ಮುಂದಿನ ಪಾಠವಿಲ್ಲ. ಆ ಮುದುಕ ಹಾಗೆ ಮಾಡಿಸದೆ ಯಾರ ಕೈಗೂ ಸ್ಕ್ರೂಡ್ರೈವರ್ ಕೊಡುತ್ತಿರಲಿಲ್ಲ. ಮಗಳೂ ಒಪ್ಪಿದಳು. ಆದರೆ ಕೇಳುವವರು ಬೇಕಲ್ಲ? ಅಪ್ಪನ ಮುಂದೆ ಹೇಳತೊಡಗಿದರೆ ಎರಡನೇ ಬಾಗಿಲು ತೆರೆಯುವಷ್ಟರಲ್ಲಿ ಗೊರಕೆ ಕೇಳುತ್ತಿತ್ತು.

"ನಂಗೆ ಹೇಳು ಪುಟ್ಟಾ, ನಾನಿಲ್ವಾ" ಎಂದು ಸೋದರಮಾವ ಮುಂದೆ ಬಂದ. ಅಂದಿನಿಂದ ರಜೆ ಬಂತೆಂದರೆ ಅವನು ತಪ್ಪದೆ ಹಾಜರು. ಮಾವ, ಸೊಸೆ ಇಬ್ಬರೂ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಟೀ ಕೊಡಲು ಹೋದಾಗ ಮಗಳ ದನಿ ಟೀಚರ ದನಿಯ ಹಾಗೆ ಗತ್ತಿನಿಂದ ಕೇಳುತ್ತಿತ್ತು. ನಡುವೆ ತಮ್ಮ ಕೇಳುತ್ತಿದ್ದ: "ಅದು ಯಾಕೆ ಪುಟ್ಟಾ? ಚಳಿ ಇದ್ದಾಗ ಎಷ್ಟು ಹೊತ್ತು?" ಲೇಬಲ್ ಯಂತ್ರ ಬಿಟ್ಟು ಬೇರೇನೂ ಬೇಡವೆನ್ನುತ್ತಿದ್ದವನಿಗೆ ಕೊನೆಗೂ ಅಕ್ಕನ ಕೆಲಸದಲ್ಲಿ ಆಸೆ ಹುಟ್ಟಿತಲ್ಲ ಎಂದು ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ಇದನ್ನು ಯಾರಿಗೂ ಹೇಳಬೇಡ ಎಂದು ಮಗಳಿಗೆ ಅವಳು ಹೇಳಿರಲಿಲ್ಲ. ಮನೆಯೊಳಗೆ, ಅದೂ ಸೋದರಮಾವನ ಮುಂದೆ, ಎಂಥ ಗುಟ್ಟು?

ಒಂದೆರಡು ಸಲ ಅವಳು ಒಳಗೆ ಹೋದಾಗ ಮಗಳು ಗಡಿಬಿಡಿಯಿಂದ ಲ್ಯಾಪ್‌ಟಾಪಿನ ಪರದೆ ಮುಚ್ಚಿದ್ದೂ ಉಂಟು. ಇಬ್ಬರೂ ಸೇರಿ ಯಾವುದೋ ಆಟ ಆಡುತ್ತಿದ್ದಾರೆ, ಆಡಿಕೊಳ್ಳಲಿ ಬಿಡು ಎಂದುಕೊಂಡು ತಟ್ಟೆ ಇಟ್ಟು ಬಂದಿದ್ದಳು.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ಅವಳು ಊಟದ ಕೋಣೆಯಿಂದ ವಾಪಸಾದಾಗ ಯಂತ್ರದ ಕೋಣೆಯ ತುಂಬ ಜನ. ಮೂಲೆಯ ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆದಿದ್ದರು. ಅವಳ ಹಳೇ ಕಂಪ್ಯೂಟರಿನ ತಂತಿಗಳನ್ನು ಬಿಚ್ಚಿ ಹೊಸದಕ್ಕೆ ಸಿಕ್ಕಿಸಿದ್ದರು. ಪೆಟ್ಟಿಗೆಯ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಮ್ಮ ನಿಂತಿದ್ದ. "ಬನ್ನಿ ಏಣಿ ಅಕ್ಕ, ನಿಮಗೋಸ್ಕರಾನೇ ಕಾಯ್ತಿದ್ವಿ" ಎಂದು ಮ್ಯಾನೇಜರು ನಕ್ಕರು. ಈ ಸಲ ಅವರು ಬಾಗಿಲಿನಿಂದ ದೂರವೇ ನಿಂತಿದ್ದರು.

ಯಂತ್ರ ಚಾಲೂ ಆಯಿತು. ಬಾಟಲಿಗಳು ಬಂದವು, ನಿಂತವು. ನಳಿಗೆ ಮುಕ್ಕಾಲು ತುಂಬಿಸಿ ಸುಮ್ಮನಾಯಿತು. ನೊರೆ ಮೆಲ್ಲಗೆ ಇಳಿಯಿತು. ಆಮೇಲೆ ಉಳಿದದ್ದು. ಒಂದು ಹನಿ ಚೆಲ್ಲಲಿಲ್ಲ. ಸಣ್ಣ ಕತ್ತಿನ ಬಾಟಲಿ ಹಾಕಿ ನೋಡಿದರು, ಅದಕ್ಕೆ ಬೇಕಾದಷ್ಟೇ ಕಾದಿತು. ಓರೆ ಬಾಟಲಿ ಹಾಕಿದರು, ಸಾಲು ತಕ್ಷಣ ನಿಂತಿತು. ಕೆಲಸದವರು ಚಪ್ಪಾಳೆ ತಟ್ಟಿದರು. ಅವಳಿಗೆ ಮೊದಲು ಬಂದದ್ದು ಬರೀ ಬೆರಗು. ಯಾರಪ್ಪಾ ಇದನ್ನೆಲ್ಲ ಕಂಡುಹಿಡಿದ ಪುಣ್ಯಾತ್ಮ ಎಂದು ಕುತೂಹಲದಿಂದ ಹೊಸ ಪರದೆಯ ಹತ್ತಿರ ಹೋಗಿ ಬಗ್ಗಿದಳು. ಪೈಥಾನ್ ಸಾಲುಗಳು ಒಂದರ ಕೆಳಗೊಂದು. ಮೂರನೇ ಸಾಲಿನಲ್ಲಿ ಒಂದು ಹೆಸರಿತ್ತು: ನೊರೆ ನಿದ್ದೆ.

ಅವಳು ಪರದೆಗೆ ಇನ್ನಷ್ಟು ಬಗ್ಗಿದಳು. ಕೆಳಗೆ ನೋಡಿದಳು. ಕುಡುಕ ಬಾಟಲಿ. ಅದರ ಕೆಳಗೆ ಎದುರುಮನೆಯ ಹಲ್ಲಿನ ಡಾಕ್ಟರು. ಊಟದ ಮೇಜಿನ ಮುಂದೆ ತಾನೂ ಮಗಳೂ ನಕ್ಕು ನಕ್ಕು ಇಟ್ಟ ಹೆಸರುಗಳೆಲ್ಲ, ಒಂದನ್ನೂ ಬಿಡದೆ, ಅಲ್ಲಿದ್ದವು. ತಲೆಯೆತ್ತಿ ತಮ್ಮನ ಮುಖ ನೋಡಿದಳು. ಅವನು ಪೆಟ್ಟಿಗೆಯ ತಂತಿ ಸರಿಮಾಡುವವನ ಹಾಗೆ ಆ ಕಡೆ ತಿರುಗಿದ.

"ನಿಮ್ಮ ತಮ್ಮ ಕೈ ಬಾಯಿ ಎರಡರಲ್ಲೂ ಗಟ್ಟಿ ಕಣಮ್ಮ, ನಿಮಗೂ ಒಂದು ಮಾತು ಹೇಳ್ದೆ ಮುಗಿಸಿದಾರೆ ನೋಡಿ" ಎಂದರು ಮ್ಯಾನೇಜರು. ಇನ್ನು ಮೇಲೆ ಯಂತ್ರದ ಕೋಣೆ ಅವನದಂತೆ. ಅವಳಿಗೆ ಲೇಬಲ್ ವಿಭಾಗ. ಅಂಟಿಸಿದ ಲೇಬಲ್ ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡುವ ಕೆಲಸ. "ಇಷ್ಟು ವರ್ಷ ಒದ್ದಾಡಿದ್ದೀರಿ, ಆರಾಮಾಗಿ ಕೂತು ಮಾಡೋ ಅಂಥದ್ದು" ಎಂದು ಅವರು ನಿಜವಾಗಿಯೂ ಉಪಕಾರ ಮಾಡಿದವರ ಮುಖದಲ್ಲೇ ಹೇಳಿದರು. ಅವಳು ತಲೆಯಾಡಿಸಿದಳು. ಅಷ್ಟು ಜನರೆದುರು ಇನ್ನೇನು ಮಾಡುವುದು?

ತಮ್ಮ ಸಿಕ್ಕಿದ್ದು ಖಾಲಿ ಕ್ರೇಟುಗಳ ಹಿಂದೆ. ಅವಳು ಹುಡುಕಿಕೊಂಡು ಬರುತ್ತಾಳೆಂದು ಗೊತ್ತಿದ್ದವನ ಹಾಗೆ ನಿಂತಿದ್ದ.

"ಬಯ್ಯೋದಾದ್ರೆ ಬಯ್ದುಬಿಡಕ್ಕ."

"ಒಂದೇ ಕೇಳ್ತೀನಿ. ಮೊದಲ ಭಾಷೆ ಅಮ್ಮಂದೇ ಆಗ್ಲಿ ಅಂದ್ಯಲ್ಲ. ಆವತ್ತೇ ನಿನ್ನ ತಲೇಲಿ ಇದಿತ್ತಾ?"

ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳೋ ಏನೋ. ನಂಬಲು ಅವಳು ತಯಾರಿದ್ದಳು.

"ಅದಕ್ಕೆ ಮುಂಚೇನೇ ಮ್ಯಾನೇಜರು ನನ್ನ ಕರೆದು ಮಾತಾಡಿದ್ರು. ಯಾವತ್ತಿದ್ರೂ ಆಗೋದೇ ತಾನೆ ಅಕ್ಕ? ಹೊರಗಿನೋರು ಬಂದು ಮಾಡೋ ಬದಲು ಮನೆಯವನೇ ಮಾಡಿದ್ರೆ ನಿನಗೊಂದು ಕುರ್ಚಿನಾದ್ರೂ ಉಳಿಯುತ್ತೆ ಅಂದ್ಕೊಂಡೆ."

"ನನ್ನನ್ನೇ ಕೇಳ್ಬಹುದಿತ್ತು. ಕೇಳಿದ್ರೆ ಕೊಡ್ತಿದ್ದೆ."

"ಕೊಡ್ತಿರ್ಲಿಲ್ಲಕ್ಕ. ಕೊಟ್ರೆ ಕೋಣೆ ಹೋಗುತ್ತೆ ಅಂತ ನೀನೇ ಅಲ್ವಾ ಹೇಳಿದ್ದು."

"ಬೇರೆಯವರಿಗೆ ಕೊಡ್ತಿರ್ಲಿಲ್ಲ. ನಿನಗೆ ಕೊಡ್ತಿದ್ದೆ ಕಣೋ."

ಅವನು ಶೂ ನೋಡಿಕೊಂಡು ನಿಂತ. "ಅದು ನಂಗೆ ಗೊತ್ತಾಗ್ಲಿಲ್ಲ" ಎಂದ. ಅವಳಿಗೆ ಕೋಣೆ ಹೋದದ್ದಕ್ಕಿಂತ ಈ ಮಾತೇ ಹೆಚ್ಚು ಉರಿಯಿತು. ಕೈಯಾರೆ ತುತ್ತು ತಿನ್ನಿಸಿ ಬೆಳೆಸಿದವನಿಗೆ ಅಷ್ಟೂ ಗೊತ್ತಾಗಲಿಲ್ಲವೆಂದರೆ ಇಷ್ಟು ವರ್ಷ ತಾನು ಅವನಿಗೆ ಏನಾಗಿದ್ದೆ? ಕೇಳಿ ಪಡೆಯಬಹುದಾಗಿದ್ದನ್ನು ಕದ್ದುಕೊಂಡು ಹೋದನಲ್ಲ. ಅದೂ ಮಗುವಿನ ಬಾಯಿಂದ, ತನ್ನ ಮನೆಯಲ್ಲಿ ಕೂತು, ತಾನೇ ಮಾಡಿಕೊಟ್ಟ ಟೀ ಕುಡಿಯುತ್ತಾ.

"ಮಗೂನ ಬಯ್ಬೇಡ ಅಕ್ಕ" ಎಂದ ಅವನು. "ಗುಟ್ಟಾಗಿ ಮಾಡಿ ತೋರಿಸೋಣ, ಅಮ್ಮನಿಗೆ ಖುಷಿಯಾಗುತ್ತೆ ಅಂತ ಅವಳಿಗೆ ಹೇಳಿದ್ದೆ. ಆ ನೊರೆ ನಿದ್ದೆ ಭಾಗ ಇದೆಯಲ್ಲ, ನಾನು ಪೈಥಾನ್ ಹೇಳ್ಕೊಟ್ಟೆ, ಬರೆದಿದ್ದು ಅವಳೇ. ನಾನು ಒಂದಕ್ಷರಾನೂ ತಿದ್ದಿಲ್ಲ."

ಅಲ್ಲಿಂದ ಹೊರಟವಳು ನೇರ ಗೇಟು ದಾಟಿದಳು. ಕಾವಲುಗಾರ, "ಏನ್ ಏಣಿ ಅಕ್ಕ, ಇವತ್ತು ಬೇಗ?" ಎಂದು ಕೇಳಿದ್ದಕ್ಕೆ ತಲೆನೋವು ಎಂದಳು. ದಾರಿಯಲ್ಲಿ ಕಣ್ಣು ಒರೆಸಿದಷ್ಟೂ ತುಂಬಿಕೊಳ್ಳುತ್ತಿತ್ತು. ಮುಚ್ಚಿಕೊಂಡ ಲ್ಯಾಪ್‌ಟಾಪ್ ಪರದೆ ಕಣ್ಣ ಮುಂದೆ ಬರುತ್ತಿತ್ತು. ಒಂದು ಗಳಿಗೆ ಮಗಳ ಮೇಲೂ ಸಿಟ್ಟು ಬಂತು. ಮರುಗಳಿಗೆ ಆ ಸಿಟ್ಟಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೂಸಿಗೇನು ಗೊತ್ತು? ತಮ್ಮ ಎಂಥವನೇ ಆಗಲಿ, ಮಗಳು ಬರೆದ ಮೊದಲ ಕೆಲಸ ಅದು, ಅದಕ್ಕೆ ಮಸಿ ಬಳಿಯಬಾರದು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಮನೆಯ ಬಾಗಿಲು ತಟ್ಟಿದಳು.

ಗಂಡ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಆಗಷ್ಟೇ ಶಾಲೆಯಿಂದ ಬಂದಿದ್ದ ಮಗಳು ಬಾಗಿಲು ತೆರೆದು, ಅಮ್ಮ ಚಪ್ಪಲಿ ಬಿಡುವ ಮುಂಚೆಯೇ ಕೊರಳಿಗೆ ಜೋತುಬಿದ್ದಳು.

"ನೋಡಿದ್ಯಾ? ನೋಡಿದ್ಯಾ ಅಮ್ಮ? ಮಾವ ಇವತ್ತೇ ತೋರಿಸ್ತೀನಿ ಅಂದಿದ್ರು! ಓಡ್ತಾ? ಉಕ್ಕಲಿಲ್ಲ ತಾನೆ?"

"ಉಕ್ಕಲಿಲ್ಲ. ಚೆನ್ನಾಗಿ ಓಡ್ತು ಮರಿ."

"ನನ್ನ ನೊರೆ ನಿದ್ದೆ?"

"ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು."

ಮಗಳು ಕಿರುಚಿ ಒಂದು ಸುತ್ತು ತಿರುಗಿದಳು. ಆಮೇಲೆ ಅಮ್ಮನ ಮುಖವನ್ನು ಸರಿಯಾಗಿ ನೋಡಿ ನಿಂತುಬಿಟ್ಟಳು.

"ನೀನು ಅತ್ತಿದ್ದೀಯ."

"ಇಲ್ಲಪ್ಪ, ಬಿಸಿಲು."

"ಅತ್ತಿದ್ದೀಯ. ಯಾಕೆ? ನಿಂಗೆ ಇಷ್ಟ ಆಗ್ಲಿಲ್ವಾ? ಮಾವ ಮಾಡಿದ್ದು ತಪ್ಪಾ?"

ಆ ಮುಖ ಸಪ್ಪಗಾಗುವುದನ್ನು ತಾಳಲಾರದೆ ಅವಳು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ತಪ್ಪೇನಿಲ್ಲ. ಮಾವ ನಂಗೆ ಮುಂಚೇನೇ ಹೇಳಿದ್ದ. ಎಲ್ಲ ನಂಗೆ ಗೊತ್ತಿತ್ತು."

ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಮಗಳು ಕೊರಳಿನಿಂದ ಕೈ ತೆಗೆದಳು.

"ಗೊತ್ತಿತ್ತಾ? ಯಾವಾಗಿಂದ?"

"ಮೊದಲಿನಿಂದ."

"ನೀನು ಟೀ ತಂದಾಗೆಲ್ಲ ನಾನು ಪರದೆ ಮುಚ್ಚೋಕೆ ಒದ್ದಾಡ್ತಿದ್ದೆ. ಸಿಕ್ಕಿಬಿದ್ರೆ ಎಲ್ಲ ಹಾಳಾಗುತ್ತೆ ಅಂತ ನಂಗೆ ಜೀವ ಹೋಗ್ತಿತ್ತು. ಶಾಲೇಲಿ ಕೂಡ ಯಾರಿಗೂ ಹೇಳಿಲ್ಲ ನಾನು. ನಿಂಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ನೀವಿಬ್ರೂ ಸೇರ್ಕೊಂಡು ನನ್ನ ನೋಡಿ ನಗ್ತಿದ್ರಾ?"

ಆ ಕಣ್ಣುಗಳಲ್ಲಿದ್ದದ್ದು ಏನೆಂದು ತಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನದಿಂದ ಅವಳ ಎದೆಯಲ್ಲೂ ಅದೇ ಕುದಿಯುತ್ತಿತ್ತು. ತನಗೆ ಆದದ್ದನ್ನೇ ತಾನು ಮಗಳಿಗೆ ಮಾಡಿದ ಹಾಗಾಯಿತಲ್ಲ ಎಂದು ಅವಳಿಗೆ ದಿಕ್ಕು ತೋಚದಾಯಿತು. ಮಗಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತಳು.

"ಇಲ್ಲ ಮರಿ. ನಾನು ಸುಳ್ಳು ಹೇಳ್ದೆ. ನಂಗೇನೂ ಗೊತ್ತಿರ್ಲಿಲ್ಲ. ಇವತ್ತು ಎಲ್ಲರ ಎದುರು ಪರದೆ ನೋಡಿದಾಗ್ಲೇ ಗೊತ್ತಾಗಿದ್ದು."

"ಮತ್ತೆ ಯಾಕೆ ಗೊತ್ತಿತ್ತು ಅಂದೆ?"

"ನಿಂಗೆ ಬೇಜಾರಾಗಬಾರದು ಅಂತ."

ಒಂದು ಬಾಗಿಲು, ಆಮೇಲೆ ಇನ್ನೊಂದು ಎಂದು ಯೋಚಿಸುವುದನ್ನು ತಾಯಿಯೇ ಕಲಿಸಿದ್ದಳು. ಈಗ ಮಗಳು ಹಾಗೆಯೇ ಯೋಚಿಸುತ್ತಿದ್ದಾಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ತಡೆಯುವ ದಾರಿ ಮಾತ್ರ ತಾಯಿಗೆ ಕಾಣಲಿಲ್ಲ.

"ಹೊಸ ಪೆಟ್ಟಿಗೆ ಬಂದ್ರೆ ಹಳೇ ಕಂಪ್ಯೂಟರ್ ಬೇಡ" ಎಂದಳು ಮಗಳು.

"ಹೌದು."

"ಹಳೇ ಕಂಪ್ಯೂಟರ್ ಇಲ್ದಿದ್ರೆ ಏಣಿ ಬೇಡ."

ತಾಯಿ ಮಗಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅಂದ್ರೆ ನಿನ್ನ ಕೋಣೆ ಹೋಯ್ತು. ನಾನು ಮಾವನಿಗೆ ಎಲ್ಲ ಹೇಳಿದ್ದಕ್ಕೆ ಹೋಯ್ತಾ ಅಮ್ಮ? ನನ್ನಿಂದಲಾ?"

"ಇಲ್ಲ" ಎಂದಳು ಅವಳು. "ಖಂಡಿತಾ ನಿನ್ನಿಂದ ಅಲ್ಲ. ದೇವರಾಣೆಗೂ ಅಲ್ಲ ಕಂದ."

ಅಷ್ಟು ನಿಜವಾದ ಮಾತನ್ನು ಅವಳು ಆ ದಿನ ಬೇರೆ ಆಡಿರಲಿಲ್ಲ. ಮಗಳು ಅವಳ ಮುಖವನ್ನೇ ದಿಟ್ಟಿಸಿ ನೋಡಿದಳು.

"ಇದೂ ನಂಗೆ ಬೇಜಾರಾಗಬಾರದು ಅಂತ ಹೇಳ್ತಿದ್ದೀಯ" ಎಂದಳು.